ಕೇಕ್ ಬೇಡ, ಒಂದು ಮಂಗಳವಾರ ಕೊಡಿ

ಎಲ್ರಿಗೂ ನಮಸ್ಕಾರ. ಹಿಂದೆ ಕೂತವ್ರಿಗೆ ಕೇಳ್ಸ್ತಾ ಇದ್ಯಾ? ಸರಿ.

ಚಿಕ್ಕಮಗಳೂರಲ್ಲಿ ಮಕ್ಕಳ ಸಂಸ್ಥೆ ಅಂದ್ರೆ ಜನಕ್ಕೆ ಅನಾಥಾಶ್ರಮಾನೇ ನೆನಪಾಗೋದು. ಆಗಾಗ ಫೋನ್ ಬರುತ್ತೆ, ಮೇಡಂ ನಮ್ ಮಗಳ ಬರ್ತ್‌ಡೇ, ನಿಮ್ ಮಕ್ಕಳಿಗೆ ಕೇಕ್ ತರ್ತೀವಿ, ಹಾಗೇ ಒಂದ್ ಫೋಟೋ ತಗೋತೀವಿ ಅಂತ. ನಮ್ಮತ್ರ ಹಾಸ್ಟೆಲ್ ಇಲ್ಲ ಕಣಮ್ಮಾ, ಮಕ್ಕಳು ಅವ್ರವ್ರ ಮನೇಲೇ ಇದಾರೆ ಅಂದ್ರೆ ಪಾಪ ಆ ಕಡೆಯಿಂದ ಸದ್ದೇ ಇರಲ್ಲ. ಮಗು ಮನೇಲೇ ಉಳೀಲಿ ಅಂತ ಓಡಾಡೋದೇ ನಮ್ ಕೆಲ್ಸ, ಅದ್ರ ಫೋಟೋ ತೆಗೆಯಕ್ಕಾಗಲ್ಲ.

ನವೆಂಬರ್ ಬಂತು ಅಂದ್ರೆ ನಿಮ್ಗೆ ಗೊತ್ತಲ್ಲ, ಅರೇಬಿಕಾ ಕುಯ್ಲು ಶುರು, ಅದು ಮುಗಿಯೋಷ್ಟ್ರಲ್ಲಿ ರೋಬಸ್ಟಾ, ಆಮೇಲೆ ಮೆಣಸು. ರಾಯಚೂರ ಕಡೆಯವ್ರು, ಅಸ್ಸಾಂನವ್ರು ಸಂಸಾರ ಸಮೇತ ಲೈನ್ ಮನೆಗೆ, ಅಂದ್ರೆ ತೋಟದ ಆಳುಗಳಿಗೆ ಸಾಲಾಗಿ ಕಟ್ಟಿರೋ ಮನೆಗಳಿಗೆ ಬಂದಿಳೀತಾರೆ. ಅಪ್ಪ ಅಮ್ಮ ತೋಟಕ್ಕೆ ಹೋದ್ರೆ ಕೈಕೂಸು ನೋಡ್ಕೊಳ್ಳೋದು ದೊಡ್ಡ ಹುಡುಗಿ. ದೊಡ್ಡೋಳು ಅಂದ್ರೆ ಹತ್ತೋ ಹನ್ನೊಂದೋ ವರ್ಷ. 1951ರ ಪ್ಲಾಂಟೇಷನ್ ಕಾಯ್ದೇಲೇ 50 ಹೆಣ್ಣಾಳು ಇದ್ರೆ ಶಿಶುವಿಹಾರ ಇರ್ಬೇಕು ಅಂತ ಬರ್ದಿದ್ರು, ಆದ್ರೆ ನಮ್ಮಲ್ಲಿ ಸಣ್ಣ ತೋಟಗಳೇ ಜಾಸ್ತಿ, ಐವತ್ತು ಆಳು ಎಲ್ಲಿಂದ ಬರ್ಬೇಕು. ಹಾಗಾಗಿ ಕೂಸಿಗೊಂದು ದಾರಿ ಮಾಡ್ದೆ ಅಕ್ಕನ್ನ ಸ್ಕೂಲಿಗೆ ಕಳ್ಸಿ ಅಂದ್ರೆ ಆ ತಾಯಿ ನಮ್ ಮುಖ ನೋಡಿ ನಗ್ತಾಳೆ ಅಷ್ಟೆ.

ಮೂಡಿಗೆರೆ ಕಡೆ ಒಂದು ಹುಡುಗಿ. ಕೂಸಿನ್ನ ಪಕ್ಕದ ಲೈನಿನ ಅಜ್ಜಿ ನೋಡ್ಕೊಳ್ಳೋಕ್ ಒಪ್ಪಿದ್ರು, ಸ್ಕೂಲಿಗೆ ಕರ್ಕೊಂಡ್ ಹೋದ್ರೆ ಟಿಸಿ ಎಲ್ಲಿ ಅಂದ್ರು. ಟಿಸಿ ಇಲ್ಲ ಅಂತ ಸೇರಿಸ್ಕೊಳ್ಳೋದು ತಡ ಮಾಡೋ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೇಲೇ ಇದೆ. ಆದ್ರೆ ಕಾಯ್ದೆ ಪ್ರಿಂಟ್ ತಗೊಂಡ್ ಹೋಗಿ ಜಗಳಕ್ಕೆ ನಿಂತ್ರೆ ಮಗು ಆ ಮೇಷ್ಟ್ರ ಹತ್ರಾನೇ ತಾನೇ ವರ್ಷ ಪೂರ್ತಿ ಕೂರ್ಬೇಕು? ನಾವು ಹಳೇ ಸ್ಕೂಲಿಗೆ ಫೋನ್ ಮಾಡಿ ಎಸ್‌ಎಟಿಎಸ್ ನಂಬರ್, ಅಂದ್ರೆ ಶಿಕ್ಷಣ ಇಲಾಖೆ ದಾಖಲೇಲಿ ಆ ಮಗುಗಿರೋ ನಂಬರ್ ಇಸ್ಕೊಂಡ್ವಿ, ಮೂರು ಸಲ ಓಡಾಡಿದ್ವಿ, ಆಯ್ತು.

ಇನ್ನೊಂದು ಮನೇಲಿ ಅಪ್ಪ ಅಮ್ಮ ಇಬ್ರೂ ಇಲ್ಲ, ಅಜ್ಜಿ ಸಾಕ್ತಿದಾರೆ. ಬಡತನ ಅಂತ ಹುಡುಗನ್ನ ಬಾಲಮಂದಿರಕ್ಕೆ ಬಿಡೋಣ ಅಂತಿದ್ರು. ಮಿಷನ್ ವಾತ್ಸಲ್ಯ ಅಂತ ಮಕ್ಕಳ ರಕ್ಷಣೆಗೆ ಕೇಂದ್ರದ ಯೋಜನೆ, ಅದ್ರಲ್ಲಿ ಇಂಥ ಮಕ್ಕಳಿಗೆ ಪ್ರಾಯೋಜಕತ್ವ ಅಂತ ತಿಂಗ್ಳಿಗೆ 4000 ರೂಪಾಯಿ ನೆರವು ಇದೆ, ಹಳ್ಳೀಲಾದ್ರೆ ವರ್ಷದ ಆದಾಯ 72,000 ದಾಟಿರಬಾರ್ದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಖಾತೆ ಮಾಡ್ಸೋಕ್ ಬ್ಯಾಂಕಿಗೆ ಹೋದ್ರೆ ಅಜ್ಜಿ ಹೆಬ್ಬೆಟ್ಟು ಮಷೀನ್ ತಗೊಳ್ಳಲ್ಲ! ಜೀವಮಾನ ಪೂರ್ತಿ ಕಾಫಿ ಕುಯ್ದು ಕುಯ್ದು ಬೆರಳಿನ ಗೆರೆ ಎಲ್ಲಾ ಸವೆದು ಹೋಗಿದೆ. ಕೊನೆಗೆ ಕಣ್ಣು ಸ್ಕ್ಯಾನ್ ಮಾಡ್ಸಿದ್ವಿ, ಆ ದಿನ ಅಜ್ಜಿ ಕೂಲಿ ಹೋಯ್ತು, ಜೊತೆಗೆ ಹೋದ ನಮ್ ಕಾರ್ಯಕರ್ತನ ಒಂದ್ ದಿನದ ರಜ ಹೋಯ್ತು. ಹುಡುಗ ಅಜ್ಜಿ ಹತ್ರಾನೇ ಇದಾನೆ ಈಗ.

ಮಕ್ಕಳ ಸಹಾಯವಾಣಿ 1098 ಎಲ್ರ ಫೋನಲ್ಲೂ ಇರ್ಲಿ, ದುಡ್ಡು ಬೀಳಲ್ಲ, ರಾತ್ರಿನೂ ಎತ್ತುತಾರೆ. ಮಗುಗೆ ಹೊಡೀತಿದಾರೆ, ಮದ್ವೆ ಮಾಡ್ತಿದಾರೆ ಅಂತ ಗೊತ್ತಾದ್ರೆ ನೀವೇ ಹೋಗಿ ಹೀರೋ ಆಗ್ಬೇಡಿ, ಫೋನ್ ಮಾಡಿ.

ನಂಗೆ ನಿದ್ದೆ ಕೆಡ್ಸೋದು ಬೇರೆಯವ್ರು. ಬಾಲಮಂದಿರದಂಥ ಹೋಮಲ್ಲಿ ಬೆಳ್ದು 18 ತುಂಬಿದ ಹುಡುಗ್ರು. ಅನುಪಾಲನೆ ಅಂತ 21ರ ತನಕ ನೆರವು ಕೊಡೋಕೆ ಕಾನೂನಲ್ಲಿ ಅವಕಾಶ ಇದೆ, ಅದು ಎಲ್ರಿಗೂ ತಲುಪಲ್ಲ. ಒಬ್ಬ ಹಾಸನದಲ್ಲಿ ಗ್ಯಾರೇಜ್ ಕೆಲ್ಸ ಹಿಡ್ದ, ಕೈಗೆ ಸಂಬ್ಳ ಬಂತು, ರೂಮ್ ಮಾತ್ರ ಸಿಗ್ಲಿಲ್ಲ. ನಿಮ್ಮಪ್ಪ ಏನ್ ಮಾಡ್ತಾರಪ್ಪಾ ಅಂತ ಓನರ್ ಕೇಳ್ತಾರೆ, ಇವ್ನು ಸುಮ್ನಾಗ್ತಾನೆ, ಆಮೇಲೆ ಹೇಳ್ತೀವಿ ಅಂತ ಕಳಿಸ್ತಾರೆ. ನಾಲ್ಕನೇ ಮನೆಗೆ ನಾನೇ ಹೋಗಿ ನಾನಿವನ ಚಿಕ್ಕಮ್ಮ ಅಂದೆ. ಸುಳ್ಳೇ, ಇರ್ಲಿ.

ನಮ್ಗೆ ಬೇಕಾಗಿರೋದು ಇಂಥ ಚಿಕ್ಕಮ್ಮ ಚಿಕ್ಕಪ್ಪಂದಿರು. ಭಾನುವಾರ ಬೇಡ, ಭಾನುವಾರ ಯಾವ ಆಫೀಸೂ ತೆಗ್ದಿರಲ್ಲ, ತಿಂಗ್ಳಿಗೊಂದು ಮಂಗಳವಾರ ಕೊಡಿ ಸಾಕು. ಟೀ ಟೈಮಲ್ಲಿ ಬಾಗ್ಲ ಹತ್ರ ಪುಸ್ತಕ ಇಟ್ಟಿರ್ತೀವಿ, ಹೆಸ್ರು ಬರೀರಿ, ಬೈಕ್ ಇದ್ರೆ ಅದನ್ನೂ ಬರೀರಿ, ಲೈನ್ ತನಕ ಬಸ್ ಬರಲ್ಲ.