ಶಿಲುಬೆ ಮೊದಲು ಕಾಣಿಸಿದ್ದು ಗೋಡೆಯ ಮೇಲಲ್ಲ, ಅಕ್ಷರದಲ್ಲಿ

[ತೆರೆ: ಕಪ್ಪು ಹಿನ್ನೆಲೆ, ನಡುವೆ ಒಂದು ನೆಟ್ಟನೆಯ ಬಿಳಿ ಗೆರೆ]

ನಮಸ್ಕಾರ. ಶಿಲುಬೆಯ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ರೋಮಿನ ನೆಲದಡಿಯ ಸಮಾಧಿಗಳ ಗೋಡೆಗಳಲ್ಲಿ ಮೀನು ಇದೆ, ಲಂಗರು ಇದೆ, ಕುರಿಯನ್ನು ಹೆಗಲ ಮೇಲೆ ಹೊತ್ತ ಕುರುಬ ಇದ್ದಾನೆ. ಶಿಲುಬೆಗೇರಿದ ಕ್ರಿಸ್ತ ಮಾತ್ರ ಸಿಗುವುದಿಲ್ಲ. ಹಾಗಾದರೆ ಮೊದಲ ಮುನ್ನೂರು ವರ್ಷ ಕ್ರೈಸ್ತರಿಗೆ ಶಿಲುಬೆ ಮುಖ್ಯವೇ ಆಗಿರಲಿಲ್ಲವೇ? 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಬಂದ ಮೇಲೆ ಅಂಟಿಸಿದ ಅರ್ಥವೇ ಅದು?

ಅಲ್ಲ. ಸಾಕ್ಷಿ ಬೇಕಿದ್ದರೆ ಗೋಡೆ ಬಿಟ್ಟು ಹಸ್ತಪ್ರತಿಯ ಹಾಳೆ ನೋಡಬೇಕು. ಅದಕ್ಕೂ ಮುಂಚೆ ಹಿನ್ನೆಲೆಯನ್ನು ಬೇಗ ಮುಗಿಸಿಬಿಡುತ್ತೇನೆ.

ರೋಮನ್ನರ ಶಿಲುಬೆಗೆ ಸಾಮಾನ್ಯವಾಗಿ ಎರಡು ಮರ: ನೆಲದಲ್ಲಿ ಹೂತ ಕಂಬ, ಅದಕ್ಕೆ ಏರಿಸುವ ಅಡ್ಡತೊಲೆ. ಶಿಕ್ಷೆಗೊಳಗಾದವನು ಹೊತ್ತು ನಡೆಯುತ್ತಿದ್ದದ್ದು ಅಡ್ಡತೊಲೆಯನ್ನು. ಈ ಶಿಕ್ಷೆ ಮುಖ್ಯವಾಗಿ ಗುಲಾಮರಿಗೆ, ದಂಗೆಕೋರರಿಗೆ. 1968ರಲ್ಲಿ ಜೆರುಸಲೇಮಿನ ಒಂದು ಸಮಾಧಿಯಲ್ಲಿ ಸಿಕ್ಕ ಹಿಮ್ಮಡಿಯ ಎಲುಬಿನಲ್ಲಿ ಸುಮಾರು 11.5 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಹಾಗೇ ಉಳಿದಿತ್ತು. ಅದರ ತುದಿ ಬಾಗಿತ್ತು. ಕೀಳಲು ಬರದೆ ಎಲುಬಿನ ಜೊತೆಗೇ ಹೂಳಿದ್ದರು ಎಂದು ಸಂಶೋಧಕರು ತಿಳಿಯುತ್ತಾರೆ. ಕ್ರಿ.ಪೂ. 63ರಲ್ಲಿ ರೋಮಿನ ಹೆಸರಾಂತ ವಾಗ್ಮಿ ಸಿಸೆರೊ ಒಂದು ಮೊಕದ್ದಮೆಯಲ್ಲಿ ವಾದಿಸುತ್ತ, ಶಿಲುಬೆ ಎಂಬ ಪದವೇ ರೋಮನ್ ಪ್ರಜೆಯ ಕಣ್ಣು, ಕಿವಿ, ಮನಸ್ಸಿನಿಂದ ದೂರವಿರಬೇಕು ಎಂದ. ಇಷ್ಟು ನೆನಪಿಟ್ಟುಕೊಳ್ಳಿ: ಅದು ಬಾಯಲ್ಲಿ ಆಡಲೂ ಹೇಸುವ ಪದ.

ಈಗ ಆ ಪದವನ್ನು ಕ್ರೈಸ್ತ ಲಿಪಿಕಾರರು ಬರೆದ ರೀತಿ ನೋಡಿ.

[ತೆರೆ: ಪಪೈರಸ್ ಹಾಳೆ, ಒಂದು ಪದ ದೊಡ್ಡದಾಗಿ]

ಇದು ಯೋಹಾನನ ಸುವಾರ್ತೆಯ ಗ್ರೀಕ್ ಹಸ್ತಪ್ರತಿ, ಹೆಸರು ಪಿ66. ಕ್ರಿ.ಶ. 200ರ ಆಸುಪಾಸಿನದು ಎಂದು ಬಹಳ ಕಾಲದಿಂದ ಎಣಿಸುತ್ತ ಬಂದಿದ್ದಾರೆ. ಇನ್ನೂ ಈಚಿನದು ಎನ್ನುವವರೂ ಇದ್ದಾರೆ. ಗ್ರೀಕಿನಲ್ಲಿ ಶಿಲುಬೆಗೆ ‘ಸ್ತೌರೋಸ್’ ಎನ್ನುತ್ತಾರೆ. ಏಳು ಅಕ್ಷರ: ಸಿಗ್ಮಾ, ಟೌ, ಆಲ್ಫಾ, ಉಪ್ಸಿಲಾನ್, ರೋ, ಓಮಿಕ್ರಾನ್, ಮತ್ತೆ ಸಿಗ್ಮಾ. ಲಿಪಿಕಾರ ಮೊದಲ ಸಿಗ್ಮಾ ಬರೆದ. ನಡುವಿನ ಆಲ್ಫಾ, ಉಪ್ಸಿಲಾನ್ ಬಿಟ್ಟುಬಿಟ್ಟ. ಉಳಿದ ಟೌ ಮತ್ತು ರೋ ಅಕ್ಷರಗಳನ್ನು ಪಕ್ಕಪಕ್ಕ ಬರೆಯದೆ ಒಂದರ ಮೇಲೊಂದು ಬರೆದ. ಕೊನೆಗೆ ವಿಭಕ್ತಿಯ ಅಕ್ಷರ ಸೇರಿಸಿ, ಪವಿತ್ರ ಪದಗಳಿಗೆ ಎಳೆಯುವ ಅಡ್ಡಗೆರೆಯನ್ನು ಇಡೀ ಪದದ ನೆತ್ತಿಯ ಮೇಲೆ ಎಳೆದ.

ಒಂದು ಕಾಗದ ತೆಗೆದುಕೊಂಡು ನೀವೂ ಬರೆದು ನೋಡಿ. ಒಂದು ಕಂಬ. ಅದಕ್ಕೊಂದು ಅಡ್ಡಪಟ್ಟಿ, ಅದು ಟೌ. ಅದೇ ಕಂಬದ ತುದಿಯಲ್ಲಿ, ಬಲಕ್ಕೆ ಒಂದು ಪುಟ್ಟ ಕುಣಿಕೆ, ಅದು ರೋ. ಕನ್ನಡದ ಒತ್ತಕ್ಷರ ಮೂಲಾಕ್ಷರದ ಕೆಳಗೆ ಕೂರುತ್ತದಲ್ಲ, ಇಲ್ಲಿ ಎರಡು ಅಕ್ಷರ ಒಂದೇ ಕಂಬವನ್ನು ಹಂಚಿಕೊಂಡಿವೆ. ಈಗ ಕಾಗದವನ್ನು ಸ್ವಲ್ಪ ದೂರ ಹಿಡಿಯಿರಿ. ಕುಣಿಕೆ ತಲೆಯಾಯಿತು, ಅಡ್ಡಪಟ್ಟಿ ಚಾಚಿದ ತೋಳುಗಳಾಯಿತು. ‘ಶಿಲುಬೆ’ ಎಂದು ಓದುತ್ತಿದ್ದ ಕಣ್ಣಿಗೆ ಶಿಲುಬೆಯ ಮೇಲಿರುವ ಮನುಷ್ಯ ಕಾಣಿಸಿದ!

ಇದಕ್ಕೆ ಸ್ಟೌರೋಗ್ರಾಮ್ ಎನ್ನುತ್ತಾರೆ. ಇದು ಬರೀ ಸಂಕ್ಷೇಪ, ಚಿತ್ರವೇನಲ್ಲ ಎಂಬ ವಾದವೂ ಇದೆ. ಟೌ-ರೋ ಜೋಡಣೆ ಕ್ರೈಸ್ತರಿಗಿಂತ ಮುಂಚಿನ ಹೆರೋದ ರಾಜನ ನಾಣ್ಯದಲ್ಲೂ ಇದೆ, ಕ್ರೈಸ್ತರು ಹುಟ್ಟುಹಾಕಿದ್ದಲ್ಲ. ನಿಜ. ಆದರೆ ಅತ್ಯಂತ ಹಳೆಯ ಕ್ರೈಸ್ತ ಹಸ್ತಪ್ರತಿಗಳಲ್ಲಿ ಈ ಗುರುತು ಬರುವುದು ‘ಶಿಲುಬೆ’, ‘ಶಿಲುಬೆಗೇರಿಸು’ ಎಂಬ ಪದಗಳ ಒಳಗೆ. ಬರೀ ಜಾಗ ಉಳಿಸುವುದೇ ಉದ್ದೇಶವಾಗಿದ್ದರೆ ಬೇರೆ ಪದಗಳಲ್ಲೂ ಬರಬೇಕಿತ್ತು. ಹಾಗಾಗಿ ನನ್ನ ಮಟ್ಟಿಗೆ ಇದು ಚಿತ್ರವೇ.

ಒಂದು ಎಚ್ಚರಿಕೆ. ಇದನ್ನು ಕೈ-ರೋ ಗುರುತಿನ ಜೊತೆ ಬೆರೆಸಬೇಡಿ. ಕಾನ್‌ಸ್ಟಂಟೈನನ ಹೆಸರಿನ ಜೊತೆ ಬರುವ ಆ ಗುರುತು ‘ಕ್ರಿಸ್ತೋಸ್’ ಎಂಬ ಹೆಸರಿನ ಮೊದಲ ಎರಡು ಅಕ್ಷರ: ಗುಣಾಕಾರದ ಚಿಹ್ನೆಯಂಥ ಕೈ, ಅದರ ನಡುವೆ ರೋ. ಅದು ಹೆಸರಿನ ಗುರುತು, ಶಿಲುಬೆಯ ಗುರುತಲ್ಲ. ಇವೆರಡನ್ನು ಒಂದೇ ಎಂದುಕೊಂಡಾಗಲೇ ‘ಶಿಲುಬೆ ತಂದವನು ಕಾನ್‌ಸ್ಟಂಟೈನ್’ ಎಂಬ ತಪ್ಪು ಹುಟ್ಟುವುದು.

ಅಕ್ಷರದಾಟ ಇನ್ನೂ ಹಿಂದಕ್ಕೆ ಹೋಗುತ್ತದೆ. ಬಾರ್ನಬನ ಪತ್ರ ಎಂಬ ಬರಹ ಕ್ರಿ.ಶ. 70 ಮತ್ತು 135ರ ನಡುವಿನದು ಎನ್ನುತ್ತಾರೆ. ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮನ ಮನೆಯಾಳುಗಳು 318 ಮಂದಿ. ಗ್ರೀಕಿನಲ್ಲಿ ಅಕ್ಷರಗಳೇ ಅಂಕಿಗಳು: ಅಯೋಟಾ 10, ಈಟಾ 8, ಟೌ 300. ಅಯೋಟಾ, ಈಟಾ ‘ಯೇಸು’ ಹೆಸರಿನ ಮೊದಲೆರಡು ಅಕ್ಷರ. ಟೌ ಶಿಲುಬೆಯ ಆಕಾರ. ಪತ್ರದ ಲೇಖಕ 318ರಲ್ಲಿ ಯೇಸುವನ್ನೂ ಶಿಲುಬೆಯನ್ನೂ ಓದಿದ. ಈ ಲೆಕ್ಕವನ್ನು ನೀವು ಒಪ್ಪಬೇಕಿಲ್ಲ. ಆದರೆ ಒಂದು ಅಂಕಿ ಕಂಡರೂ ಶಿಲುಬೆ ನೆನಪಾಗುವಷ್ಟು ಅದು ಮನಸ್ಸನ್ನು ತುಂಬಿತ್ತು ಎಂಬುದು ಗೊತ್ತಾಗುತ್ತದೆ.

3ನೇ ಶತಮಾನದ ಆರಂಭದಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಬರೆಯುತ್ತಾನೆ: ಒಳಗೆ ಹೋಗುವಾಗ, ಹೊರಗೆ ಬರುವಾಗ, ಕೆರ ಮೆಟ್ಟುವಾಗ, ಸ್ನಾನಕ್ಕೆ, ಊಟಕ್ಕೆ, ದೀಪ ಹಚ್ಚುವಾಗ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಳ್ಳುತ್ತೇವೆ ಎಂದು. ಹಣೆಯ ಮೇಲೆ ಮಾತ್ರ, ಪುಟ್ಟದಾಗಿ. ಹಣೆಯಿಂದ ಎದೆಗೆ, ಭುಜದಿಂದ ಭುಜಕ್ಕೆ ಮಾಡುವ ದೊಡ್ಡ ಗುರುತು ರೂಢಿಗೆ ಬಂದದ್ದು ಆಮೇಲೆ.

[ತೆರೆ: ಗ್ರಂಥದ ಎರಡು ಸಾಲು]

ಇಷ್ಟೊಂದು ಅಂಟಿಕೊಳ್ಳಲು ಆ ಮರದಲ್ಲಿ ಏನು ಕಂಡರು? ಯೆಹೂದ್ಯರ ಧರ್ಮಗ್ರಂಥದ ಧರ್ಮೋಪದೇಶಕಾಂಡ 21:23ರ ಪ್ರಕಾರ ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ. ಕ್ರಿಸ್ತನಲ್ಲಿ ನಂಬಿಕೆ ಬೇಡ ಎನ್ನುವವರಿಗೆ ಇದಕ್ಕಿಂತ ಗಟ್ಟಿ ವಾದ ಬೇಕಿರಲಿಲ್ಲ. ಅಪೊಸ್ತಲ ಪೌಲ ಈ ವಚನವನ್ನು ಮರೆಮಾಡಲಿಲ್ಲ. ಗಲಾತ್ಯರಿಗೆ 3:13ರಲ್ಲಿ ತಾನೇ ಎತ್ತಿ ಹೇಳಿದ. ಹೌದು, ಕ್ರಿಸ್ತ ಶಾಪವಾದ. ನಮ್ಮ ಬದಲಿಗೆ ಆದ. ಆ ಶಾಪದಿಂದ ನಮ್ಮನ್ನು ಬಿಡಿಸಿದ. ಕ್ರೈಸ್ತರ ಪಾಲಿಗೆ ಶಿಲುಬೆಯ ಅರ್ಥದ ತಿರುಳು ಆ ‘ಬದಲಿಗೆ’ ಎಂಬ ಮಾತು. ಎಲ್ಲರೂ ತಳ್ಳಿಬಿಟ್ಟ ಜಾಗಕ್ಕೆ ದೇವರೇ ಬಂದು ನಿಂತ ಎಂಬ ನಂಬಿಕೆ ಅದು.

‘ಬದಲಿಗೆ’ ಎಂದರೆ ಹೇಗೆ? ಇಲ್ಲಿ ವಿವರಣೆಗಳು ಕವಲೊಡೆಯುತ್ತವೆ. ಸಮಯ ಕಡಿಮೆ, ಒಟ್ಟಿಗೇ ಹೇಳುತ್ತೇನೆ. ಮಾರ್ಕ 10:45ರ ‘ಈಡು’ ಎಂಬ ಮಾತು ಹಿಡಿದು, ಸೆರೆಯಲ್ಲಿದ್ದವರನ್ನು ಬಿಡಿಸಿದ ಬೆಲೆ ಎಂದವರು ಹಳಬರು. ಆ ಬೆಲೆ ಸಂದದ್ದು ಯಾರಿಗೆ, ಸೈತಾನನಿಗೋ ಎಂದು ಕೇಳಿದರೆ ಹೋಲಿಕೆ ಕುಸಿಯುತ್ತದೆ. 4ನೇ ಶತಮಾನದಲ್ಲೇ ನಾಜಿಯಾಂಜಸಿನ ಬಿಷಪ್ ಗ್ರೆಗೊರಿ ಹಾಗೆ ಹೇಳುವುದನ್ನು ತಿರಸ್ಕರಿಸಿದ. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವದ ಬಾಕಿ, ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು ಎಂದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್, 1098ರಲ್ಲಿ. ಪ್ರೀತಿಯನ್ನು ತೋರಿಸಿ ಪ್ರೀತಿಯನ್ನು ಹೊತ್ತಿಸುವುದು ಎಂದವನು 12ನೇ ಶತಮಾನದ ಫ್ರೆಂಚ್ ಚಿಂತಕ ಅಬೆಲಾರ್ಡ್. ನಮಗೆ ಬರಬೇಕಿದ್ದ ಶಿಕ್ಷೆಯನ್ನು ಆತ ಹೊತ್ತ ಎಂಬುದಕ್ಕೆ ಒತ್ತು ಕೊಟ್ಟವರು 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು. ಕ್ರಿ.ಶ. 381ರ ವಿಶ್ವಾಸಪ್ರಮಾಣದಲ್ಲಿ ಇದ್ಯಾವ ವಿವರಣೆಯೂ ಇಲ್ಲ; ‘ನಮಗೋಸ್ಕರ’ ಶಿಲುಬೆಗೇರಿದ ಎಂಬಷ್ಟೇ ಇದೆ.

ಹೆಚ್ಚಿನವರು ಎಡವುವುದು ಒಂದೇ ಕಡೆ: ಸಿಟ್ಟಾದ ತಂದೆ, ನಿರಪರಾಧಿ ಮಗನ ಮೇಲೆ ಸಿಟ್ಟು ತೀರಿಸಿಕೊಂಡ ಎಂದುಕೊಳ್ಳುವುದು. ಇದು ಕ್ರೈಸ್ತ ಬೋಧನೆಯಲ್ಲ. ಲೋಕವನ್ನು ತನ್ನೊಂದಿಗೆ ಒಂದುಮಾಡಿಕೊಳ್ಳುತ್ತಿದ್ದ ದೇವರು ಕ್ರಿಸ್ತನಲ್ಲೇ ಇದ್ದ ಎನ್ನುತ್ತದೆ 2 ಕೊರಿಂಥ 5:19. ಹೊರಗೆ ನಿಂತು ಹೊಡೆದವನಲ್ಲ. ಪುನರುತ್ಥಾನವನ್ನು ಬಿಟ್ಟು ಶಿಲುಬೆಯೊಂದನ್ನೇ ಹೇಳಿದರೂ ಅರ್ಥ ಕೆಡುತ್ತದೆ. ಆತ ಎದ್ದುಬರದಿದ್ದರೆ ನಂಬಿಕೆಯೇ ವ್ಯರ್ಥ ಎಂದು ಪೌಲನೇ ಬರೆದಿದ್ದಾನೆ.

[ತೆರೆ: ಮರದ ಬಾಗಿಲಿನ ಕೆತ್ತನೆ; ಪಕ್ಕದಲ್ಲಿ ದೊಡ್ಡ ಮರದ ಶಿಲ್ಪ]

ಕೊನೆಯದಾಗಿ ಎರಡು ಶಿಲ್ಪ. ಎಡಗಡೆಯದು ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲು, ಸುಮಾರು ಕ್ರಿ.ಶ. 430. ಶಿಲುಬೆಗೇರಿದ ಕ್ರಿಸ್ತನ ಉಳಿದಿರುವ ಅತಿ ಹಳೆಯ ಕೆತ್ತನೆಗಳಲ್ಲಿ ಇದೊಂದು. ಮರ ಕಾಣುವುದೇ ಕಷ್ಟ, ತೋಳು ಮಡಚಿವೆ, ಕಣ್ಣು ತೆರೆದಿವೆ: ಸಾವನ್ನು ಗೆದ್ದವನು. ಬಲಗಡೆ ಜರ್ಮನಿಯ ಕೊಲೋನ್ ಕೆಥೆಡ್ರಲಿನ ಗೆರೋ ಶಿಲುಬೆ, 10ನೇ ಶತಮಾನದ್ದು. ಕಣ್ಣು ಮುಚ್ಚಿವೆ, ತಲೆ ಎದೆಯ ಮೇಲೆ ವಾಲಿದೆ, ಮೈಭಾರಕ್ಕೆ ಹೊಟ್ಟೆ ಮುಂದಕ್ಕೆ ಬಂದಿದೆ: ನಿಜವಾಗಿ ಸತ್ತವನು. ಇನ್ನು ಮುಂದೆ ಶಿಲುಬೆಗೇರಿದ ಕ್ರಿಸ್ತನ ಶಿಲ್ಪ ಎಲ್ಲಿ ಕಂಡರೂ ಮೊದಲು ಕಣ್ಣು ನೋಡಿ.