ಕಲ್ಲಲ್ಲದ ನೀಲಿ: ಈಜಿಪ್ಟಿನ ಫೈಯಾನ್ಸ್ ಹೂಹಾರಗಳು

[ತೆರೆಯ ಮೇಲೆ: ಅಮರ್ನಾ ಕಾಲದ ಅಗಲವಾದ ಕೊರಳಹಾರ]

ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ ಇದು. ಈಜಿಪ್ಟಿನ ಹಾರಗಳಲ್ಲಿ ಮಿರಿಮಿರಿ ಮಿಂಚುವ ಈ ನೀಲಿ ಹೂವು, ದಳಗಳೆಲ್ಲ ಯಾವ ಕಲ್ಲಿನವು? ಕಲ್ಲೇ ಅಲ್ಲ. ಇದು ಫೈಯಾನ್ಸ್. ಬೆಣಚುಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಚೂರು ಸುಣ್ಣ, ನೇಟ್ರಾನ್ ಅನ್ನೋ ಉಪ್ಪು ಇಲ್ಲವೇ ಗಿಡ ಸುಟ್ಟ ಬೂದಿ, ಬಣ್ಣಕ್ಕೆ ಒಂದಿಷ್ಟು ತಾಮ್ರ ಸೇರಿಸಿ ನೀರಲ್ಲಿ ಕಲಸುತ್ತಿದ್ದರು. ಸಾಮಗ್ರಿ ಇಷ್ಟೇ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಮಡಕೆಗೆ ಹೊಳಪು ಬರಬೇಕಾದರೆ ಗ್ಲೇಜ್ ಬಳಿಯಬೇಕು, ಅಲ್ವಾ? ಇಲ್ಲಿ ಬಳಿಯೋದೇ ಬೇಡ. ಹಳೇ ಇಟ್ಟಿಗೆ ಗೋಡೆ ಒಣಗುವಾಗ ಮೈಮೇಲೆ ಬಿಳಿ ಉಪ್ಪು ಏಳುವುದನ್ನು ನೋಡಿರುತ್ತೀರಿ. ಇಲ್ಲೂ ಆಗುವುದು ಅದೇ. ನೀರು ಆರುತ್ತಾ ಹೋದಂತೆ ಒಳಗಿನ ಉಪ್ಪು ಅದರ ಜೊತೆಗೇ ಹೊರಗೆ ಬಂದು ತೆಳ್ಳಗೆ ಮೇಲೆ ಕೂರುತ್ತದೆ. ಗೂಡಿನಲ್ಲಿ ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಆ ಉಪ್ಪು ಬೆಣಚಿನ ಪುಡಿಯ ಜೊತೆ ಕರಗಿ ಗಾಜಾಗುತ್ತದೆ, ತಾಮ್ರ ಅದಕ್ಕೆ ನೀಲಿ ಬಣ್ಣ ಕೊಡುತ್ತದೆ. ಅದಕ್ಕೇ ಒಣಗುತ್ತಿರುವ ಮಣಿಯನ್ನು ಸುಮ್ನೆ ಮುಟ್ಟುವ ಹಾಗಿಲ್ಲ. ಬೆರಳು ತಾಗಿ ಉಪ್ಪು ಉದುರಿದರೆ ಅಷ್ಟು ಜಾಗ ಹೊಳಪಿಲ್ಲದೆ ಬೋಳಾಗಿ ಉಳಿಯುತ್ತದೆ. ಗಾಳಿಯಾಡದ ಅಡಿಭಾಗಕ್ಕೂ ಅದೇ ಗತಿ. ಬೇರೆ ವಿಧಾನಗಳೂ ಇದ್ದವು, ಆದರೆ ಇದರಷ್ಟು ಚೆಂದ ಯಾವುದೂ ಇಲ್ಲ.

[ತೆರೆಯ ಮೇಲೆ: ಮಣ್ಣಿನ ಅಚ್ಚುಗಳು]

ಹೂವಿಗೆ ಬರೋಣ. ಅಮರ್ನಾ ಅಂದರೆ ಈಜಿಪ್ಟಿನ ರಾಜ ಅಖೆನಾತೆನ್ ಕ್ರಿ.ಪೂ. 1350ರ ಆಸುಪಾಸಿನಲ್ಲಿ ಕಟ್ಟಿಸಿದ ಹೊಸ ರಾಜಧಾನಿ. 1891-92ರಲ್ಲಿ ಅಲ್ಲಿ ಅಗೆದ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಗೆ ಸಾವಿರಾರು ಪುಟ್ಟ ಮಣ್ಣಿನ ಅಚ್ಚುಗಳು ಸಿಕ್ಕವು. ಕಲಸಿದ್ದನ್ನು ಅಚ್ಚಿಗೆ ಒತ್ತಿ ತೆಗೆದರೆ ಒಂದು ದಳ ರೆಡಿ. ತುದಿಯಲ್ಲಿ ನೇರಳೆ ಬಣ್ಣವಿರುವ ಬಿಳಿ ನೈದಿಲೆ ದಳ, ಹಳದಿ ಮ್ಯಾಂಡ್ರೇಕ್ ಹಣ್ಣು, ಹಸಿರು ಖರ್ಜೂರದೆಲೆ, ನೀಲಿ ಕಾರ್ನ್‌ಫ್ಲವರ್, ಎಲ್ಲವನ್ನೂ ಸಾಲುಸಾಲಾಗಿ ಪೋಣಿಸಿದರೆ ಔತಣದಲ್ಲಿ ಹಾಕಿಕೊಳ್ಳುತ್ತಿದ್ದ ಹೂಹಾರದ ಹಾಗೇ ಕಾಣುತ್ತದೆ, ಬಾಡುವುದಿಲ್ಲ ಅಷ್ಟೇ.

ನಿಜವಾದ ಹೂವಿನ ಹಾರಗಳೂ ಉಳಿದಿವೆ! ಈಜಿಪ್ಟಿನ ರಾಜರ ಗೋರಿಗಳಿರುವ ರಾಜರ ಕಣಿವೆಯ ಒಂದು ಗುಂಡಿಯಲ್ಲಿ, ರಾಜ ಟುಟಾಂಖಾಮುನ್‌ನ ಶವಸಂಸ್ಕಾರದ ಸಾಮಾನುಗಳ ಜೊತೆ, 1907ರಲ್ಲಿ ಸಿಕ್ಕವು. ಪಪೈರಸ್ ಹಾಳೆಯ ಮೇಲೆ ಆಲಿವ್ ಎಲೆ, ಕಾರ್ನ್‌ಫ್ಲವರ್ ಹೊಲಿದು ಜೊತೆಗೆ ನೀಲಿ ಫೈಯಾನ್ಸ್ ಮಣಿ ಸೇರಿಸಿದ್ದಾರೆ. ಈಗ ಅವು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿವೆ.

ಟೈಮ್ ಜಾಸ್ತಿ ಆಯ್ತು, ಬಣ್ಣಗಳನ್ನು ಬೇಗ ಹೇಳಿಬಿಡುತ್ತೇನೆ. ಕಡುನೀಲಿಗೆ ಕೋಬಾಲ್ಟ್, ನೇರಳೆಗೆ ಮ್ಯಾಂಗನೀಸ್, ಕೆಂಪಿಗೆ ಕಬ್ಬಿಣ, ಹಳದಿಗೆ ಸೀಸ ಮತ್ತು ಆಂಟಿಮನಿ. ಇನ್ನೊಂದು ಮಾತು. ಫೈಯಾನ್ಸ್ ಅಂದರೆ ನೀಲಿ ಕಲ್ಲಿನ ಅಗ್ಗದ ನಕಲು ಅನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಚಿನ್ನಕ್ಕೆ ಬರವೇ ಇರದ ಟುಟಾಂಖಾಮುನ್‌ನ ಗೋರಿಯಲ್ಲೂ ಫೈಯಾನ್ಸ್ ಹಾರಗಳಿದ್ದವು.