ಹದಿನೈದನೇ ತಾರೀಖಿನ ಹಣ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲೂ ಬಡವರಿದ್ದಾರೆ ಅಂದರೆ ನಮ್ಮಲ್ಲಿ ಹಲವರು ನಂಬುವುದಿಲ್ಲ. ಇದ್ದಾರೆ, ಅವರಲ್ಲಿ ಮಕ್ಕಳೂ ಬಹಳ. ಆ ಮಕ್ಕಳಿಗಾಗಿ 2021ರಲ್ಲಿ ಆ ದೇಶ ಆರು ತಿಂಗಳ ಮಟ್ಟಿಗೆ ಒಂದು ಕೆಲಸ ಮಾಡಿ ನೋಡಿತು. ಇವತ್ತಿನ ಮಾತು ಅದರ ಬಗ್ಗೆ.

ಮಕ್ಕಳಿರುವ ಮನೆಗೆ ಅಲ್ಲಿ ಆದಾಯ ತೆರಿಗೆಯಲ್ಲಿ ಒಂದು ರಿಯಾಯಿತಿ ಉಂಟು. ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಅಂತ ಅದರ ಹೆಸರು. 2017ರ ಕಾನೂನಿನಂತೆ ಮಗುವೊಂದಕ್ಕೆ ವರ್ಷಕ್ಕೆ 2,000 ಡಾಲರ್. ಆದರೆ ಸಂಪಾದನೆ ಕಡಿಮೆ ಇದ್ದವರಿಗೆ ಪೂರ್ತಿ ಸಿಗುತ್ತಿರಲಿಲ್ಲ. ವರ್ಷದ ದುಡಿಮೆ 2,500 ಡಾಲರ್ ದಾಟದಿದ್ದರೆ ಬಿಡಿಗಾಸೂ ಇಲ್ಲ. ವರ್ಷಕ್ಕೆ ಎರಡು ಲಕ್ಷ ಡಾಲರ್ ಸಂಪಾದಿಸುವ ದಂಪತಿಗೆ ಪೂರ್ತಿ, ಕೆಲಸವೇ ಇಲ್ಲದ ಒಂಟಿ ತಾಯಿಗೆ ಸೊನ್ನೆ! ಉಂಡವರ ಎಲೆಗೇ ಮತ್ತೆ ತುಪ್ಪ ಬಡಿಸುವ ಪಂಕ್ತಿ.

ಕೋವಿಡ್ ಕಾಲ. 2021ರ ಮಾರ್ಚ್‌ನಲ್ಲಿ ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ಕಾಯ್ದೆ ಈ ಪಂಕ್ತಿಭೇದವನ್ನು ಒಂದು ವರ್ಷದ ಮಟ್ಟಿಗೆ ತೆಗೆದುಹಾಕಿತು. ಆರು ವರ್ಷದೊಳಗಿನ ಮಗುವಿಗೆ 3,600 ಡಾಲರ್, ದೊಡ್ಡ ಮಕ್ಕಳಿಗೆ 3,000. ದುಡಿಮೆ ಇರಲಿ, ಇಲ್ಲದಿರಲಿ. ಅದರಲ್ಲಿ ಅರ್ಧವನ್ನು ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳೂ ಹಣವಾಗಿಯೇ ಕೊಟ್ಟರು. ಹೆಚ್ಚಿನವರಿಗೆ ನೇರ ಬ್ಯಾಂಕ್ ಖಾತೆಗೇ, ಹದಿನೈದನೇ ತಾರೀಖಿನ ಹೊತ್ತಿಗೆ. ಎಳೆಯ ಮಗುವಿದ್ದ ಬಡ ಮನೆಗೆ ತಿಂಗಳಿಗೆ 300 ಡಾಲರ್. ಮಕ್ಕಳಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ, ಇದ್ದ ಅಲ್ಲಿನ ಕನ್ನಡಿಗರ ಎಷ್ಟೋ ಮನೆಗಳಿಗೂ ಬಂತು. ಅವರಿಗೆ ಅದು ಉಳಿತಾಯಕ್ಕೆ ಸೇರಿತೋ ಏನೋ. ಬಡವರ ಮನೆಯಲ್ಲಿ ಊಟಕ್ಕೆ, ಬಾಡಿಗೆಗೆ, ಕರೆಂಟ್ ಬಿಲ್ಲಿಗೆ, ಶಾಲೆಯ ಸಾಮಾನಿಗೆ ಹೋಯಿತು.

ಫಲ ಏನಾಯಿತು? ಸರ್ಕಾರದ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಅಲ್ಲಿನ ಜನಗಣತಿ ಇಲಾಖೆಯ ಅಳತೆಯಲ್ಲಿ ಮಕ್ಕಳ ಬಡತನ 2021ರಲ್ಲಿ ಶೇ. 5.2ಕ್ಕೆ ಇಳಿಯಿತು. ಅಲ್ಲಿಯವರೆಗೆ ಅಷ್ಟು ಕೆಳಗೆ ಇಳಿದದ್ದೇ ಇಲ್ಲ. ಮರುವರ್ಷ? ಶೇ. 12.4. ಸುಮಾರು 50 ಲಕ್ಷ ಮಕ್ಕಳು ಮತ್ತೆ ಬಡತನಕ್ಕೆ ಬಿದ್ದರು. ಕೋವಿಡ್‌ನ ಇತರ ನೆರವು ನಿಂತದ್ದು, ಬೆಲೆ ಏರಿದ್ದು ಕೂಡ ಕಾರಣ, ನಿಜ. ಆದರೆ ಈ ಹಣ ನಿಂತದ್ದು ದೊಡ್ಡ ಪೆಟ್ಟು.

ನಿಂತದ್ದು ಹೇಗೆ? ಒಂದು ವರ್ಷದ ಆಚೆಗೆ ಮುಂದುವರಿಸಲು ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ಒಪ್ಪಬೇಕಿತ್ತು. ಅಲ್ಲಿ ಎರಡೂ ಪಕ್ಷಗಳು 50–50. ವಿರೋಧ ಪಕ್ಷವಾದ ರಿಪಬ್ಲಿಕನ್ನರ ಬೆಂಬಲ ಇರಲಿಲ್ಲ. ಬೈಡನ್ ಅವರದೇ ಪಕ್ಷದ ಸೆನೆಟರ್ ಜೋ ಮ್ಯಾಂಚಿನ್ ಕೂಡ ಖರ್ಚು ಹೆಚ್ಚು, ದುಡಿಮೆಯ ಷರತ್ತು ಬೇಕು ಅಂತ ಹಿಂದೆ ಸರಿದರು. ಅವರು ಪ್ರತಿನಿಧಿಸಿದ್ದು ವೆಸ್ಟ್ ವರ್ಜೀನಿಯಾವನ್ನು. ಆ ದೇಶದ ಬಡ ರಾಜ್ಯಗಳಲ್ಲಿ ಒಂದು!

ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತು ನಮಗೂ ಹೊಸದಲ್ಲ. ಆದರೆ ಆ ಆರು ತಿಂಗಳನ್ನು ಪರಿಶೀಲಿಸಿದ ಹಲವು ಅಧ್ಯಯನಗಳಿಗೆ, ಜನ ದೊಡ್ಡ ಸಂಖ್ಯೆಯಲ್ಲಿ ಕೆಲಸ ಬಿಟ್ಟ ಗುರುತು ಸಿಗಲಿಲ್ಲ. ಆರು ತಿಂಗಳು ಸಾಲದು ಅನ್ನುವ ಆಕ್ಷೇಪ ಮಾತ್ರ ನ್ಯಾಯವೇ.

ಇದರಿಂದ ಶ್ರೀಮಂತ–ಬಡವರ ಅಂತರ ಅಳಿಸಿಹೋಗುತ್ತಿತ್ತು ಅಂತ ನಾನು ಹೇಳಲಾರೆ. ಆ ದೇಶದ ಸಂಪತ್ತಿನಲ್ಲಿ ಸುಮಾರು ಶೇ. 30 ಇರುವುದು ನೂರರಲ್ಲಿ ಒಬ್ಬರ ಕೈಯಲ್ಲಿ. ತಿಂಗಳ 300 ಡಾಲರ್ ಅದನ್ನು ಅಲುಗಿಸದು. ಆದರೆ ಮಕ್ಕಳ ಹಸಿವಿಗೆ ಅಲ್ಲಿ ಹಣದ ಕೊರತೆ ಕಾರಣವಲ್ಲ, ತೆರಿಗೆ ಕಾನೂನಿನ ಒಂದು ಷರತ್ತು ಎಂಬುದು ಬಯಲಾಯಿತು.

2025ರ ಜುಲೈನಲ್ಲಿ ಹೊಸ ಕಾನೂನು ಬಂದು ಈ ರಿಯಾಯಿತಿ 2,200 ಡಾಲರ್‌ಗೆ ಏರಿದೆ. ದುಡಿಮೆಯ ಷರತ್ತನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ನಮಸ್ಕಾರ.